ಸರ್‌ ಎಂ.ವಿ. ಮತ್ತು ಕೈತಪ್ಪಿದ ಕಾರು ಕಾರ್ಖಾನೆ

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ಕನ್ನಂಬಾಡಿ ಕಟ್ಟೆ. ಆದರೆ ಇಳಿವಯಸ್ಸಿನಲ್ಲಿ ಅವರು ಬೆನ್ನುಹತ್ತಿದ್ದು ಮತ್ತೊಂದು ಕನಸನ್ನು. ಭಾರತದ ರಸ್ತೆಗಳಲ್ಲಿ ಓಡುವ ಕಾರು ಭಾರತದಲ್ಲೇ ತಯಾರಾಗಬೇಕೆಂಬುದು ಆ ಕನಸು.

ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, ಮುಂಬಯಿ ಪ್ರಾಂತದಲ್ಲಿ ಸೇವೆ ಸಲ್ಲಿಸಿ, 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾರಣರಾದವರೂ ಅವರೇ.

ಜನರಲ್ ಮೋಟಾರ್ಸ್ 1928ರಲ್ಲೇ ಮುಂಬಯಿಯಲ್ಲಿ ಘಟಕ ತೆರೆದಿತ್ತು. ಅಲ್ಲಿ ನಡೆಯುತ್ತಿದ್ದುದು ಹಡಗಿನಲ್ಲಿ ಬಂದ ಬಿಡಿಭಾಗಗಳ ಜೋಡಣೆ ಮಾತ್ರ. ವಿಶ್ವೇಶ್ವರಯ್ಯನವರಿಗೆ ಬೇಕಾಗಿದ್ದುದು ತಯಾರಿಕೆ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯೂರೋಪು ಮತ್ತು ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದು ಯೋಜನೆ ಸಿದ್ಧಪಡಿಸಿದರು. ತಂತ್ರಜ್ಞಾನ ಹೊರಗಿನದಾದರೂ ಬಂಡವಾಳ ಮತ್ತು ಆಡಳಿತ ಭಾರತೀಯರ ಕೈಯಲ್ಲಿರಬೇಕೆಂಬುದು ಅದರ ತಿರುಳು.

ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಗೂಡಿದರು. ಫೋರ್ಡ್ ಜತೆಗಿನ ಮಾತುಕತೆ ಫಲಿಸಲಿಲ್ಲ, ಕ್ರೈಸ್ಲರ್ ಒಪ್ಪಿತು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸುವ ಪ್ರಯತ್ನವೂ ನಡೆಯಿತು. ಆದರೆ ಅದು ಯುದ್ಧಕ್ಕೆ ಅಗತ್ಯವಲ್ಲವೆಂದು ಬ್ರಿಟಿಷ್ ಸರ್ಕಾರ ನೆರವು ನಿರಾಕರಿಸಿತು. 1940ರಲ್ಲಿ ಬೆಂಗಳೂರಿಗೆ ವಾಲಚಂದರ ವಿಮಾನ ಕಾರ್ಖಾನೆ ಬಂತು. ಕಾರು ಮಾತ್ರ ಬರಲಿಲ್ಲ.

1944ರಲ್ಲಿ ವಾಲಚಂದ್ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್, ಮುಂಬಯಿಯ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊ ಕಾರುಗಳನ್ನು ಹೊರತಂದಿತು. ಹೆಸರು ಮೂರಾದರೂ ಒಡಲು ಹೆಚ್ಚುಕಡಿಮೆ ಒಂದೇ. ಆರು ಸಿಲಿಂಡರಿನ ಅವುಗಳ ಪೆಟ್ರೋಲ್ ಎಂಜಿನ್ ಬಹಳಷ್ಟು ಇಂಧನ ಬೇಡುತ್ತಿತ್ತು. ಟ್ಯಾಕ್ಸಿಗಳಾಗಿ ದುಡಿದ ಅನೇಕ ಕಾರುಗಳಿಗೆ ಮುಂದೆ ಡೀಸೆಲ್ ಎಂಜಿನ್ ಕೂಡಿಸಲಾಯಿತು. ಹಳೆಯ ಕಾರುಪ್ರಿಯರ ಇಂದಿನ ಚರ್ಚೆಯ ಮೂಲ ಇಲ್ಲಿದೆ. ಅಪರೂಪದ ಬಿಡಿಭಾಗ ಹುಡುಕಿ ಮೂಲ ಎಂಜಿನ್ ಮರಳಿಸಬೇಕೇ ಅಥವಾ ಕಾರನ್ನು ಇಷ್ಟು ಕಾಲ ಓಡಿಸಿದ ಡೀಸೆಲನ್ನೇ ಉಳಿಸಬೇಕೇ?

ವಿಶ್ವೇಶ್ವರಯ್ಯನವರಿಗೆ ಬೇಕಾಗಿದ್ದುದು ಕಾರಿನ ಮೂತಿಯ ಮೇಲಿನ ಹೆಸರಲ್ಲ, ಎಂಜಿನ್ ತಯಾರಿಸಬಲ್ಲ ಕೈಗಳು. ಆ ದೃಷ್ಟಿಯಿಂದ ನೋಡಿದರೆ, ಪರದೇಶದ ಕಾರಿಗೆ ಬೇರೊಂದು ಎಂಜಿನ್ ಹೊಂದಿಸಿ ದಶಕಗಟ್ಟಲೆ ಓಡಿಸಿದ ಹೆಸರಿಲ್ಲದ ಮೆಕ್ಯಾನಿಕ್‌ಗಳ ಕೆಲಸವನ್ನು ಕಲಬೆರಕೆಯೆಂದು ತಳ್ಳಿಹಾಕಲಾಗದು.

1955ರಲ್ಲಿ ಭಾರತರತ್ನ ಪಡೆದ ಅವರು 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ನಿಧನರಾದರು. ಅದೇ ವರ್ಷ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಉದ್ಘಾಟನೆಯಾದ, ಅವರ ಹೆಸರಿನ ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿ ಎಂಜಿನ್‌ಗಳಿಗೆಂದೇ ಒಂದು ಸಭಾಂಗಣವಿದೆ.