ಶಾಂತಿಸಂಧಾನಕಾರ ರಾಲ್ಫ್ ಬಂಚ್

ನಮ್ಮ ದೆಹಲಿಯ ತೀನ್ ಮೂರ್ತಿ ವೃತ್ತವನ್ನು ಕಾಣದ ವಿದ್ಯಾರ್ಥಿಗಳು ನಮ್ಮ ಶಾಲೆಯಲ್ಲಿ ಬಹುಶಃ ಇರಲಾರರು. ಅಲ್ಲಿ ನಿಂತಿರುವ ಮೂವರು ಯೋಧರ ಪ್ರತಿಮೆಗಳು ಹೈದರಾಬಾದು, ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳ ನೆನಪಿಗಾಗಿ ನಿಲ್ಲಿಸಿದವು. 1918ನೆಯ ಇಸವಿ ಸೆಪ್ಟೆಂಬರ್ 23ರಂದು ಮೈಸೂರು ಹಾಗೂ ಜೋಧಪುರದ ರಾವುತರು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತುರ್ಕರ ಕೈಯಿಂದ ಗೆದ್ದುಕೊಂಡರು. ಕನ್ನಡ ನಾಡಿನ ಕುದುರೆಗಳ ಗೊರಸಿನ ಸಪ್ಪಳ ಆ ದೂರದ ನೆಲದಲ್ಲಿ ಅಂದು ಕೇಳಿಬಂದಿತ್ತು.

ಈ ಸಂಗತಿಯನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, ಅದೇ ನೆಲಕ್ಕಾಗಿ ಇಂದಿಗೂ ಹೊಡೆದಾಡುತ್ತಿರುವ ಯೆಹೂದ್ಯರು ಮತ್ತು ಅರಬರಲ್ಲಿ ನ್ಯಾಯ ಯಾರ ಕಡೆಗಿದೆ ಎಂದು ನಮ್ಮನ್ನು ಕೇಳಿದನು. ಉತ್ತರ ಬರುವ ಮೊದಲೇ ತರಗತಿಯು ಎರಡು ಪಕ್ಷವಾಗಿ ಒಡೆಯಿತು. ಗದ್ದಲ ಹೆಚ್ಚಿತು. ಗಂಟೆ ಬಾರಿಸಿದ್ದರಿಂದ ನಮ್ಮ ಮಾನ ಉಳಿಯಿತೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಅಂದಿನಿಂದ ಆ ಪ್ರಶ್ನೆಯು ನಮ್ಮ ಬೆನ್ನು ಬಿಡಲಿಲ್ಲ. ಅದಕ್ಕೆ ಒಂದು ಮಾತಿನ ಉತ್ತರವನ್ನು ಕೊಡುವುದಕ್ಕಿಂತ, ಆ ಎರಡು ಪಕ್ಷಗಳ ನಡುವೆ ನಿಂತು ದುಡಿದ ಒಬ್ಬ ಮಹನೀಯರ ಜೀವಿತವನ್ನು ಹೇಳುವುದು ಲೇಸೆಂದು ನಮಗೆ ತೋರಿತು. ಅವರೇ ಡಾಕ್ಟರ್ ರಾಲ್ಫ್ ಬಂಚ್.

ರಾಲ್ಫ್ ಬಂಚರು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಕಪ್ಪುವರ್ಣೀಯರ ಬಡ ಕುಟುಂಬವೊಂದರಲ್ಲಿ ಜನಿಸಿದರು. ಅವರ ಜನ್ಮವರ್ಷವನ್ನು ಸಾಮಾನ್ಯವಾಗಿ 1904 ಎಂದು ಹೇಳುತ್ತಾರೆ. ತಂದೆ ಕ್ಷೌರಿಕ ವೃತ್ತಿಯವರು. ತಾಯಿಯ ಆರೋಗ್ಯಕ್ಕೆ ಒಣ ಹವೆ ಹಿತವೆಂದು ಕುಟುಂಬವು ಆಲ್ಬುಕರ್ಕಿ ಎಂಬ ಊರಿಗೆ ಹೋಗಿ ನೆಲೆಸಿತು. ಆದರೆ ವಿಧಿ ಬೇರೆಯೇ ಬಗೆದಿತ್ತು. ತಾಯಿ ತೀರಿಕೊಂಡರು, ತಂದೆಯ ಆಸರೆಯೂ ತಪ್ಪಿತು. ಬಾಲಕ ರಾಲ್ಫನನ್ನೂ ಅವನ ತಂಗಿಯನ್ನೂ ಸಾಕಿ ಸಲಹುವ ಭಾರ ಅಜ್ಜಿ ಲೂಸಿ ಟೇಲರ್ ಜಾನ್ಸನ್ ಅವರ ಮೇಲೆ ಬಿದ್ದಿತು.

ಈ ಅಜ್ಜಿಯನ್ನು ಕುರಿತು ನಾವು ಎರಡು ಮಾತು ಹೇಳಲೇಬೇಕು. ಅವರು ಗುಲಾಮಗಿರಿಯಲ್ಲಿ ಹುಟ್ಟಿದವರು. ಮೈಕಟ್ಟಿನಲ್ಲಿ ಪುಟ್ಟವರು, ಮನಸ್ಸಿನಲ್ಲಿ ಉಕ್ಕು. ಮೊಮ್ಮಕ್ಕಳನ್ನು ಕರೆದುಕೊಂಡು ಲಾಸ್ ಏಂಜಲೀಸ್ ನಗರಕ್ಕೆ ಬಂದು ಅಲ್ಲಿ ಸಂಸಾರ ಹೂಡಿದರು. ಕಪ್ಪುವರ್ಣದ ಹುಡುಗನಿಗೆ ಕೈಕಸಬು ಕಲಿಸಿದರೆ ಸಾಕು, ಮೇಲಿನ ವಿದ್ಯೆ ಏಕೆ ಎಂಬುದು ಆಗಿನ ಶಾಲೆಗಳ ಧೋರಣೆ. ಅಜ್ಜಿ ಅದಕ್ಕೆ ಒಪ್ಪಲಿಲ್ಲ. ತಮ್ಮ ಮೊಮ್ಮಗ ಕಾಲೇಜಿಗೆ ಹೋಗತಕ್ಕವನು, ಅದಕ್ಕೆ ಬೇಕಾದ ಪಾಠಗಳನ್ನೇ ಅವನಿಗೆ ಕಲಿಸತಕ್ಕದ್ದೆಂದು ಹಟ ಹಿಡಿದರು. ಯಾರ ಮುಂದೆಯೂ ತಲೆ ತಗ್ಗಿಸಬೇಡ, ಯಾರನ್ನೂ ಕೀಳಾಗಿ ಕಾಣಬೇಡ ಎಂಬುದು ಅವರು ಮೊಮ್ಮಗನಿಗೆ ಕಲಿಸಿದ ನೀತಿ.

ರಾಲ್ಫನು ಪತ್ರಿಕೆ ಮಾರಿದನು; ಚಲನಚಿತ್ರ ನಟನೊಬ್ಬನ ಮನೆಯಲ್ಲಿ ಆಳಾಗಿ ದುಡಿದನು; ಜಮಖಾನೆ ಹಾಸುವ ಅಂಗಡಿಯಲ್ಲಿ ಕೆಲಸ ಮಾಡಿದನು. ಇಷ್ಟರ ನಡುವೆಯೂ ಪ್ರೌಢಶಾಲೆಯಲ್ಲಿ ಮೊದಲಿಗನಾಗಿ ತೇರ್ಗಡೆ ಹೊಂದಿದನು. ಆದರೂ ನಗರದ ಪ್ರತಿಭಾವಂತ ವಿದ್ಯಾರ್ಥಿಗಳ ಸಂಘಕ್ಕೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಕಾರಣ, ಅವನ ಮೈಬಣ್ಣ. ಆ ಅಪಮಾನವನ್ನು ನುಂಗಿಕೊಂಡು ಅವನು ಮುಂದೆ ನಡೆದನು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕಾಲೇಜಿನಲ್ಲಿ ವ್ಯಾಯಾಮಶಾಲೆಯ ಕಸಗುಡಿಸುತ್ತ ಓದಿ, 1927ರಲ್ಲಿ ಅಲ್ಲಿಯೂ ಪ್ರಥಮಸ್ಥಾನ ಪಡೆದನು. ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ದೊರೆಯಿತು. ಆದರೆ ಊಟ ವಸತಿಗಳಿಗೆ ಹಣವೆಲ್ಲಿ? ಊರಿನ ಕಪ್ಪುವರ್ಣೀಯ ಬಂಧುಗಳು ಒಟ್ಟುಗೂಡಿ 1,000 ಡಾಲರುಗಳನ್ನು ಸಂಗ್ರಹಿಸಿ ಅವನ ಕೈಗಿತ್ತರು. ನಾಡಿನಿಂದ ದೂರ ಬಂದು, ಹತ್ತು ಮನೆಯವರ ವಂತಿಗೆಯಿಂದ ಕನ್ನಡದ ಶಾಲೆಯೊಂದನ್ನು ನಡೆಸಿಕೊಂಡು ಬರುವವರ ಕಷ್ಟಸುಖವನ್ನು ಬಲ್ಲ ನಮಗೆ ಈ ಸಾವಿರ ಡಾಲರುಗಳ ಬೆಲೆಯೇನೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮುಂದೆ ಬಂಚರು ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಪಶ್ಚಿಮ ಆಫ್ರಿಕದಲ್ಲಿ ಫ್ರೆಂಚರ ಆಳ್ವಿಕೆಯನ್ನು ಕುರಿತು ಪ್ರಬಂಧ ಬರೆದು 1934ರಲ್ಲಿ ಹಾರ್ವರ್ಡಿನಿಂದ ಡಾಕ್ಟರ್ ಪದವಿಯನ್ನು ಗಳಿಸಿದರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ವಿಶ್ವಸಂಸ್ಥೆಯ ಸನದು ಸಿದ್ಧವಾಗುವಾಗ ಪರತಂತ್ರ ರಾಷ್ಟ್ರಗಳಿಗೆ ಸಂಬಂಧಿಸಿದ ಭಾಗಗಳಲ್ಲಿ ಅವರ ಕೈವಾಡ ಬಹಳವಿತ್ತು. ಅನಂತರ ಅವರು ವಿಶ್ವಸಂಸ್ಥೆಯ ನೌಕರರೇ ಆದರು.

ಇಲ್ಲಿಂದ ಪ್ಯಾಲೆಸ್ಟೈನಿನ ಕಥೆ ಆರಂಭವಾಗುತ್ತದೆ. ಮೊದಲನೆಯ ಮಹಾಯುದ್ಧದ ತರುವಾಯ ಆ ನಾಡು ಬ್ರಿಟಿಷರ ವಶಕ್ಕೆ ಬಂದಿತ್ತು. ಯೆಹೂದ್ಯರಿಗೆ ಅಲ್ಲೊಂದು ನೆಲೆಯನ್ನು ಕಲ್ಪಿಸುವೆವೆಂದು 1917ರಲ್ಲಿ ಬ್ರಿಟಿಷ್ ಸರ್ಕಾರವು ಘೋಷಿಸಿತ್ತು. ಆದರೆ ಆ ನೆಲವು ಬರಿದಾಗಿರಲಿಲ್ಲ. ತಲೆತಲಾಂತರಗಳಿಂದ ಅರಬರು ಅಲ್ಲಿ ಉತ್ತು ಬಿತ್ತಿ, ಆಲಿವ್ ತೋಟಗಳನ್ನು ಬೆಳೆಸಿ ಬಾಳಿಕೊಂಡಿದ್ದರು. ಇತ್ತ ಯೂರೋಪಿನಲ್ಲಿ ಹಿಟ್ಲರನ ಕ್ರೌರ್ಯಕ್ಕೆ 60 ಲಕ್ಷ ಯೆಹೂದ್ಯರು ಬಲಿಯಾದರು. ಉಳಿದವರಿಗೆ ತಮ್ಮದೆಂಬ ಒಂದು ಮನೆ ಬೇಕಾಗಿತ್ತು. ಒಬ್ಬರಿಗೆ ಮನೆಯಿಲ್ಲದ ಸಂಕಟ, ಇನ್ನೊಬ್ಬರಿಗೆ ಇರುವ ಮನೆ ಕೈಬಿಡುವ ಭಯ. ಈ ಎರಡೂ ಸಂಕಟಗಳು ನಿಜವಾದುದರಿಂದಲೇ ಈ ವ್ಯಾಜ್ಯವು ಇಷ್ಟು ಕಠಿನವಾಯಿತೆಂದು ನಾವು ತಿಳಿಯಬೇಕು.

1947ರಲ್ಲಿ ವಿಶ್ವಸಂಸ್ಥೆಯು 11 ರಾಷ್ಟ್ರಗಳ ಸಮಿತಿಯೊಂದನ್ನು ಪ್ಯಾಲೆಸ್ಟೈನಿಗೆ ಕಳುಹಿಸಿತು. ನಮ್ಮ ಭಾರತವೂ ಅದರ ಸದಸ್ಯನಾಗಿತ್ತು. ಬಂಚರು ಆ ಸಮಿತಿಯ ಕಾರ್ಯಾಲಯದಲ್ಲಿದ್ದರು. ನಾಡನ್ನು ಎರಡಾಗಿ ಹಂಚಬೇಕೆಂದು ಬಹುಮತದವರು ಹೇಳಿದರು. ಭಾರತ, ಇರಾನ್ ಮತ್ತು ಯುಗೋಸ್ಲಾವಿಯಗಳು ಒಂದೇ ಸಂಯುಕ್ತ ರಾಜ್ಯವಿರಲೆಂದುವು. ವಿಚಿತ್ರವೆಂದರೆ, ಒಂದಕ್ಕೊಂದು ವಿರುದ್ಧವಾದ ಈ ಎರಡು ವರದಿಗಳ ಕರಡನ್ನೂ ಸಿದ್ಧಪಡಿಸಿಕೊಡುವುದರಲ್ಲಿ ಬಂಚರ ಲೇಖನಿಯೇ ದುಡಿಯಿತು. ಎದುರಾಳಿಗಳಿಬ್ಬರ ಮಾತನ್ನೂ ಅವರವರಿಗೆ ಒಪ್ಪುವಂತೆ ಬರೆದುಕೊಡುವಷ್ಟು ನಿಷ್ಪಕ್ಷಪಾತ ಬುದ್ಧಿ ಅವರದು. ನವೆಂಬರ್ 29ರಂದು ವಿಭಜನೆಯ ಪರವಾಗಿ 33 ಮತಗಳೂ ವಿರೋಧವಾಗಿ 13 ಮತಗಳೂ ಬಿದ್ದುವು. ಭಾರತವು ವಿರೋಧಿಸಿದವರಲ್ಲಿ ಒಂದು.

1948ರ ಮೇ 14ರಂದು ಇಸ್ರೇಲ್ ರಾಷ್ಟ್ರದ ಘೋಷಣೆಯಾಯಿತು. ಮರುದಿನವೇ ನೆರೆಯ ಅರಬ್ ರಾಷ್ಟ್ರಗಳ ಸೈನ್ಯಗಳು ಒಳನುಗ್ಗಿದುವು. ಯುದ್ಧವನ್ನು ನಿಲ್ಲಿಸಲು ವಿಶ್ವಸಂಸ್ಥೆಯು ಸ್ವೀಡನ್ನಿನ ಕೌಂಟ್ ಬರ್ನಾಡೊಟ್ ಅವರನ್ನು ಮಧ್ಯಸ್ಥರನ್ನಾಗಿ ನೇಮಿಸಿತು. ಬಂಚರು ಅವರ ಬಲಗೈಯಾದರು. ಸೆಪ್ಟೆಂಬರ್ 17ರಂದು ಜೆರೂಸಲೇಮಿನ ಬೀದಿಯಲ್ಲಿ ಯೆಹೂದ್ಯ ಉಗ್ರಗಾಮಿಗಳು ಬರ್ನಾಡೊಟ್ಟರ ಕಾರನ್ನು ತಡೆದು ಗುಂಡಿಕ್ಕಿ ಅವರನ್ನು ಕೊಂದರು. ಜೊತೆಯಲ್ಲಿದ್ದ ಫ್ರೆಂಚ್ ಕರ್ನಲ್ ಸೆರೋ ಅವರೂ ಮಡಿದರು. ಬಂಚರು ಅಂದು ಬರ್ನಾಡೊಟ್ಟರನ್ನು ಕೂಡಿಕೊಳ್ಳಬೇಕಾಗಿತ್ತು. ದಾರಿಯ ತನಿಖಾ ಠಾಣೆಯಲ್ಲಿ ತಡವಾದುದರಿಂದ ಬದುಕಿಕೊಂಡರು. ಸತ್ತವರ ಭಾರವನ್ನು ಈಗ ಅವರೇ ಹೊರಬೇಕಾಯಿತು. ಭದ್ರತಾ ಮಂಡಳಿಯು ಅವರನ್ನು ಹಂಗಾಮಿ ಮಧ್ಯಸ್ಥರನ್ನಾಗಿ ಮಾಡಿತು.

1949ರ ಜನವರಿ 13ರಂದು ಗ್ರೀಸ್ ದೇಶದ ರೋಡ್ಸ್ ದ್ವೀಪದ ಹೋಟೆಲೊಂದರಲ್ಲಿ ಸಂಧಾನ ಆರಂಭವಾಯಿತು. ಒಂದೇ ಕಟ್ಟಡದಲ್ಲಿ ಇಸ್ರೇಲಿನವರು ಒಂದು ಅಂತಸ್ತಿನಲ್ಲಿ, ಈಜಿಪ್ಟಿನವರು ಇನ್ನೊಂದು ಅಂತಸ್ತಿನಲ್ಲಿ. ಮೊದಮೊದಲು ಒಬ್ಬರ ಮುಖವನ್ನು ಒಬ್ಬರು ನೋಡಲೊಲ್ಲರು. ಬಂಚರು ಈ ಕೋಣೆಯಿಂದ ಆ ಕೋಣೆಗೆ ಹಗಲಿರುಳೆನ್ನದೆ ನಡೆದಾಡಿದರು. ದೊಡ್ಡ ಜಗಳವನ್ನು ಮೊದಲೇ ಕೈಗೆತ್ತಿಕೊಳ್ಳದೆ, ಇಬ್ಬರೂ ಒಪ್ಪಬಹುದಾದ ಸಣ್ಣ ವಿಷಯಗಳನ್ನು ಮೊದಲು ಮುಗಿಸಿದರು. ಒಂದಕ್ಕೆ ಸಹಿ ಹಾಕಿದ ಕೈಯು ಎರಡನೆಯದಕ್ಕೂ ಬರುವುದೆಂಬುದು ಅವರ ಅನುಭವದ ಸೂತ್ರ. ಬಿಡುವಿನಲ್ಲಿ ಪ್ರತಿನಿಧಿಗಳೊಡನೆ ಬಿಲಿಯರ್ಡ್ಸ್ ಆಡಿ ನಗಿಸುತ್ತಿದ್ದರು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿರುಚಿ ಹೇಳಿದವರಲ್ಲ. ಆ ಕಾರಣದಿಂದಲೇ ಇಬ್ಬರೂ ಅವರನ್ನು ನಂಬಿದರು.

ಅತ್ಯಂತ ತೊಡಕಿನ ವಿಷಯವೆಂದರೆ ಫಲೂಜ ಎಂಬಲ್ಲಿ ಇಸ್ರೇಲಿನ ಸೈನ್ಯದ ನಡುವೆ ಸಿಕ್ಕಿಬಿದ್ದಿದ್ದ ಈಜಿಪ್ಟಿನ ದಳದ್ದು. ಮುಂದೆ ಈಜಿಪ್ಟಿನ ಅಧ್ಯಕ್ಷರಾದ ನಾಸೆರರು ಅಲ್ಲಿದ್ದ ಅಧಿಕಾರಿಗಳಲ್ಲೊಬ್ಬರು. ಕೊನೆಗೆ ಆ ದಳವು ಮಾನಭಂಗವಿಲ್ಲದೆ ಹಿಂದಿರುಗುವಂತೆ ಏರ್ಪಾಡಾಯಿತು. 42 ದಿನಗಳ ತರುವಾಯ, ಫೆಬ್ರವರಿ 24ರಂದು, ಕದನವಿರಾಮದ ಒಪ್ಪಂದಕ್ಕೆ ಸಹಿ ಬಿದ್ದಿತು. ಬಂಚರು ಪ್ರತಿನಿಧಿಗಳಿಗೆ ನೆನಪಿನ ಕಾಣಿಕೆಯಾಗಿ ಪಿಂಗಾಣಿ ತಟ್ಟೆಗಳನ್ನು ಮೊದಲೇ ಮಾಡಿಸಿಟ್ಟಿದ್ದರು. ಒಪ್ಪಂದವಾಗದೆ ಹೋಗಿದ್ದರೆ ಅವನ್ನು ಅವರ ತಲೆಗಳ ಮೇಲೆಯೇ ಒಡೆಯುತ್ತಿದ್ದುದಾಗಿ ಅವರು ವಿನೋದ ಮಾಡಿದರಂತೆ. ಲೆಬನಾನ್ ಮಾರ್ಚ್ 23ರಂದು, ಜೋರ್ಡಾನ್ ಏಪ್ರಿಲ್ 3ರಂದು, ಸಿರಿಯ ಜುಲೈ 20ರಂದು ಇಸ್ರೇಲಿನೊಡನೆ ಇಂಥದೇ ಒಪ್ಪಂದಗಳನ್ನು ಮಾಡಿಕೊಂಡುವು.

ಅದೇ ವರ್ಷ ಅಮೆರಿಕದ ಅಧ್ಯಕ್ಷ ಟ್ರೂಮನ್ನರು ವಾಷಿಂಗ್ಟನ್ನಿನಲ್ಲಿ ಉನ್ನತ ಪದವಿಯೊಂದನ್ನು ನೀಡಲು ಮುಂದಾದರು. ಕಪ್ಪುವರ್ಣೀಯರನ್ನು ಬೇರೆಯಾಗಿ ಇರಿಸುವ ಆ ನಗರಕ್ಕೆ ಮಕ್ಕಳನ್ನು ಮತ್ತೆ ಕರೆದೊಯ್ಯಲಾರೆನೆಂದು ಬಂಚರು ಅದನ್ನು ನಿರಾಕರಿಸಿದರು. 1950ರಲ್ಲಿ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕವು ದೊರೆಯಿತು. ನೊಬೆಲ್ ಪಾರಿತೋಷಕವನ್ನು ಪಡೆದ ಕಪ್ಪುವರ್ಣೀಯರಲ್ಲಿ ಅವರೇ ಮೊದಲಿಗರು. ಶಾಂತಿ ಸ್ಥಾಪನೆ ತಮ್ಮ ಕರ್ತವ್ಯ, ಅದಕ್ಕೆ ಬಹುಮಾನವೇಕೆ ಎಂದು ಅವರು ಅದನ್ನೂ ಬೇಡವೆನ್ನಲಿದ್ದರು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗಳ ಒತ್ತಾಯಕ್ಕೆ ಮಣಿದು ಸ್ವೀಕರಿಸಿದರು.

1956ರ ಸೂಯೆಜ್ ಯುದ್ಧದ ತರುವಾಯ ಇಸ್ರೇಲ್ ಮತ್ತು ಈಜಿಪ್ಟುಗಳ ನಡುವೆ ನಿಲ್ಲಲು ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಕಟ್ಟಿದವರಲ್ಲಿ ಬಂಚರು ಪ್ರಮುಖರು. ಭಾರತದ ಸೈನಿಕರೂ ಅದರಲ್ಲಿದ್ದರು. 1967ರಲ್ಲಿ ನಾಸೆರರು ಆ ಪಡೆಯನ್ನು ಹಿಂದೆಗೆದುಕೊಳ್ಳಲು ಕೇಳಿದರು. ಜೂನ್ ತಿಂಗಳಲ್ಲಿ ಆರು ದಿನಗಳ ಯುದ್ಧವು ನಡೆದು, ಬಂಚರು ಶ್ರಮಪಟ್ಟು ಎಳೆಸಿದ ಗಡಿರೇಖೆಗಳು ಅಳಿಸಿಹೋದುವು. ಆಗ ಅವರಿಗೆ ಮಧುಮೇಹ ಉಲ್ಬಣಿಸಿತ್ತು; ಕಣ್ಣು ಮಂಜಾಗುತ್ತಿತ್ತು. ಆದರೂ ಕೆಲಸ ಬಿಡಲಿಲ್ಲ. 1971ರ ಡಿಸೆಂಬರ್ 9ರಂದು ನ್ಯೂಯಾರ್ಕಿನಲ್ಲಿ ಅವರು ಕಣ್ಮುಚ್ಚಿದರು.

ಬಂಚರ ಕಾರ್ಯದಲ್ಲಿ ಕೊರತೆಯಿರಲಿಲ್ಲವೆ? ಇತ್ತು. 1948ರ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೈನಿನ ಅರಬರು ಮನೆಮಠ ಕಳೆದುಕೊಂಡು ನಿರಾಶ್ರಿತರಾದರು. ರೋಡ್ಸ್ ದ್ವೀಪದ ಮೇಜಿನ ಬಳಿ ರಾಜ್ಯಗಳಿಗೆ ಪೀಠವಿತ್ತು. ಆ ನಿರಾಶ್ರಿತರಿಗೆ ಇರಲಿಲ್ಲ. ಕದನವಿರಾಮವು ಶಾಂತಿಯಾಗಲಿಲ್ಲ. ಮುಂದೆ 1979ರಲ್ಲಿ ಈಜಿಪ್ಟು, 1994ರಲ್ಲಿ ಜೋರ್ಡಾನ್ ಇಸ್ರೇಲಿನೊಡನೆ ಶಾಂತಿ ಒಪ್ಪಂದ ಮಾಡಿಕೊಂಡುವು. ಪ್ಯಾಲೆಸ್ಟೈನಿನವರ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಸುಮಾರು 1,200 ಜನರು ಹತರಾದರು. ಅನಂತರ ಗಾಜಾ ಪ್ರದೇಶದಲ್ಲಿ ನಡೆದ ಯುದ್ಧದಲ್ಲಿ ಹತ್ತಾರು ಸಾವಿರ ಜನರು, ಅವರಲ್ಲಿ ನಿಮ್ಮ ವಯಸ್ಸಿನ ಎಷ್ಟೋ ಮಕ್ಕಳು, ಪ್ರಾಣ ಬಿಟ್ಟರು.

ಹಾಗಾದರೆ ಬಂಚರ ಬಾಳು ವ್ಯರ್ಥವಾಯಿತೆ? ಹಾಗೆ ಹೇಳಲು ನಮಗೆ ಮನಸ್ಸು ಬಾರದು. ಅವರು ಯುದ್ಧವನ್ನು ನಿಲ್ಲಿಸಿದ ಅಷ್ಟು ವರ್ಷಗಳಲ್ಲಿ ಎಷ್ಟು ತಾಯಂದಿರ ಮಕ್ಕಳು ಉಳಿದುಕೊಂಡರೋ ಲೆಕ್ಕವಿಟ್ಟವರಾರು? ಒಮ್ಮೆ ಆದ ಕೆಲಸ ಮತ್ತೊಮ್ಮೆ ಆಗಬಹುದೆಂಬ ನಂಬಿಕೆಯನ್ನು ಅವರು ಉಳಿಸಿ ಹೋದರು.

ಹಿಂದಿನ ಸಾಲಿನ ಆ ಹುಡುಗನಿಗೆ ನಮ್ಮ ಉತ್ತರವಿಷ್ಟೆ: ನ್ಯಾಯ ಯಾರ ಕಡೆಗಿದೆಯೆಂದು ಕೇಳು; ಕೇಳುವುದು ತಪ್ಪಲ್ಲ. ಆದರೆ ಅದನ್ನು ಹೇಳುವ ಮುನ್ನ ಬಂಚರಂತೆ ಎರಡೂ ಅಂತಸ್ತುಗಳ ಮೆಟ್ಟಿಲು ಹತ್ತಿ, ಎರಡೂ ಕೋಣೆಗಳ ದುಃಖವನ್ನು ಕೇಳಿಕೊಂಡು ಬಾ. ಮೇಜಿನ ಬಳಿ ಪೀಠವಿಲ್ಲದೆ ಹೊರಗೆ ನಿಂತವರನ್ನೂ ಮರೆಯಬೇಡ. ಮುಂದಿನ ಸಲ ತೀನ್ ಮೂರ್ತಿಯ ಬಳಿ ಹೋದಾಗ, ಅಲ್ಲಿ ಪ್ರತಿಮೆಯಿಲ್ಲದ ಈ ಶಾಂತಿಯೋಧರನ್ನೂ ಒಂದು ಗಳಿಗೆ ನೆನೆ.