ಎರಡು ಒತ್ತಡಗಳ ನಡುವೆ ಒಂದು ಉಂಗುರ: ಮೈಕೆಲ್ ಫ್ಯಾರಡೆಯ ಬಾಳು

ಅಮೆರಿಕದಿಂದ ಮರಳಿದ ಮಕ್ಕಳು ತಂದ 120 ವೋಲ್ಟಿನ ಮಿಕ್ಸಿಯನ್ನು ನಮ್ಮ ಮನೆಯ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದರೆ ಅದು ಸುಟ್ಟುಹೋದೀತು. ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಅದೇ ಮಿಕ್ಸಿ ನಿಶ್ಚಿಂತೆಯಿಂದ ತಿರುಗುತ್ತದೆ. ಆ ಭಾರದ ಪೆಟ್ಟಿಗೆಗೆ ಮೂಲವಾದ ತತ್ತ್ವವನ್ನು ಕಂಡುಕೊಂಡ ಮಹನೀಯನ ಬಾಳನ್ನು ನಾವು ಇಲ್ಲಿ ಸ್ಮರಿಸಬಯಸುತ್ತೇವೆ.

ಮೈಕೆಲ್ ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ಬಳಿ, ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದನು. ಓದು ಬರಹ ಲೆಕ್ಕಗಳ ಆಚೆಗೆ ಶಾಲೆ ಅವನಿಗೆ ದಕ್ಕಲಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಗೆ ಕೆಲಸ ಕಲಿಯಲು ಸೇರಿದ ಹುಡುಗ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿದ್ಯೆ ಗಳಿಸಿದನು. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳನ್ನು ತಾನೇ ರಟ್ಟು ಕಟ್ಟಿ ಅವನಿಗೆ ಕಳುಹಿಸಿದನು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ದೊರೆಯಿತು.

ಆದರೆ ಮೇಲುವರ್ಗದ ವಿದ್ವತ್ ಸಮಾಜ ಅವನನ್ನು ಸುಲಭವಾಗಿ ಒಳಗೆ ಕರೆಯಲಿಲ್ಲ. ಡೇವಿಯ ಯುರೋಪ್ ಪ್ರವಾಸದಲ್ಲಿ ಅವನು ಸೇವಕನ ಕೆಲಸವನ್ನೂ ಮಾಡಬೇಕಾಯಿತು. 1824ರಲ್ಲಿ ರಾಯಲ್ ಸೊಸೈಟಿಗೆ ಅವನು ಆಯ್ಕೆಯಾಗುವಾಗ ಡೇವಿಯೇ ವಿರೋಧಿಸಿದನು.

1831ರ ಆಗಸ್ಟ್ 29ರಂದು ಫ್ಯಾರಡೆ ಸುಮಾರು ಆರು ಅಂಗುಲ ವ್ಯಾಸದ ಕಬ್ಬಿಣದ ಉಂಗುರವೊಂದರ ಎರಡು ಪಕ್ಕಗಳಿಗೆ ತಾಮ್ರದ ತಂತಿ ಸುತ್ತಿದನು. ಸುರುಳಿಗಳು ಒಂದಕ್ಕೊಂದು ತಾಗದಂತೆ ನಡುವೆ ದಾರ, ಬಟ್ಟೆಗಳನ್ನಿಟ್ಟನು. ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದ ಕ್ಷಣ, ಇನ್ನೊಂದರ ತಂತಿಯ ಬಳಿಯಿದ್ದ ಸೂಜಿ ಅಲುಗಿತು, ಹಾಗೆಯೇ ನಿಂತುಬಿಟ್ಟಿತು. ಬ್ಯಾಟರಿ ತೆಗೆದಾಗ ಮತ್ತೆ ಅಲುಗಿತು. ಸ್ಥಿರ ಪ್ರವಾಹದಿಂದ ಏನೂ ಆಗದು, ಪ್ರವಾಹ ಬದಲಾಗುತ್ತಿದ್ದರೆ ಮಾತ್ರ ಆಚೆಯ ತಂತಿಗೆ ವಿದ್ಯುತ್ತು ಹರಿದೀತು ಎಂಬುದು ಅದರ ಸಾರ. ಇಂದಿಗೂ ಟ್ರಾನ್ಸ್‌ಫಾರ್ಮರಿಗೆ ಏಸಿ ಕರೆಂಟೇ ಬೇಕಾಗಿರುವುದು ಈ ಕಾರಣಕ್ಕೇ.

ಒತ್ತಡದ ಲೆಕ್ಕ ಸರಳವಾದುದು. ಒಳಬರುವ ಕಡೆ 230 ಸುತ್ತುಗಳಿಗೆ ಹೊರಹೋಗುವ ಕಡೆ 120ರ ಪ್ರಮಾಣವಿದ್ದರೆ, 230 ವೋಲ್ಟ್ 120 ಆಗುತ್ತದೆ. ಆದರೆ ಆವರ್ತನ ಬದಲಾಗದು: 60 ಹರ್ಟ್ಸ್ ನಂಬಿ ನಡೆಯುವ ಅಮೆರಿಕದ ಹಳೆಯ ವಿದ್ಯುತ್ ಗಡಿಯಾರ ನಮ್ಮ 50 ಹರ್ಟ್ಸಿನಲ್ಲಿ ಹಿಂದೆ ಬೀಳುತ್ತದೆ. ಉಪಕರಣದ ವ್ಯಾಟ್ ಪೆಟ್ಟಿಗೆಯ ಸಾಮರ್ಥ್ಯವನ್ನು ಮೀರಿದರೆ ಪೆಟ್ಟಿಗೆಯೇ ಕಾದು ಕೆಡುತ್ತದೆ.

ಗಣಿತದ ಭಾಷೆ ಬಾರದ ಫ್ಯಾರಡೆ ತಾನು ಕಂಡದ್ದನ್ನು ಬಲರೇಖೆಗಳ ಚಿತ್ರವಾಗಿ ವಿವರಿಸಿದನು. ಅದನ್ನು ಸಮೀಕರಣಗಳಿಗೆ ತಂದವನು ಮ್ಯಾಕ್ಸ್‌ವೆಲ್. ಸರ್ ಪದವಿಯನ್ನೂ, ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ನಿರಾಕರಿಸಿದ ಫ್ಯಾರಡೆ 1867ರ ಆಗಸ್ಟ್ 25ರಂದು ತೀರಿಕೊಂಡನು. ಬಳಕೆಗೆ ಯೋಗ್ಯವಾದ ಟ್ರಾನ್ಸ್‌ಫಾರ್ಮರನ್ನು ಬುಡಾಪೆಸ್ಟಿನ ಎಂಜಿನಿಯರುಗಳು ರೂಪಿಸಿದ್ದು 1885ರಲ್ಲಿ. ಅವನು ಅದನ್ನು ಕಾಣಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ತಲುಪಿದಾಗ, ಒತ್ತಡವನ್ನು ಅಲ್ಲಿ ಏರಿಸಿ ಇಲ್ಲಿ ಇಳಿಸಿದ್ದು ಇದೇ ತತ್ತ್ವ.

ಎರಡು ನುಡಿಗಳ ನಡುವೆ ದಿನವೂ ಬಾಳುವ ಗಡಿನಾಡಿನ ನಮಗೆ ಆ ಉಂಗುರ ಅಪರಿಚಿತವೆನಿಸದು. ಎರಡು ತಂತಿಗಳಲ್ಲಿ ಯಾವುದೂ ತನ್ನ ಸುತ್ತುಗಳನ್ನು ಬಿಟ್ಟುಕೊಡುವುದಿಲ್ಲ. ಆದರೂ ಒಂದರ ಶಕ್ತಿ ಇನ್ನೊಂದಕ್ಕೆ ಸಲ್ಲುತ್ತದೆ.