‘ಅರಳುಮರಳು’ ರೋಗವೆಂದು ತೋರಿಸಿದ ವೈದ್ಯ ಡಾ| ಅಲೋಯ್ಸ್ ಅಲ್ಝೈಮರ್

ಪ್ರತಿ ವರ್ಷ ಸೆಪ್ಟಂಬರ್ 21ರಂದು ವಿಶ್ವ ಅಲ್ಝೈಮರ್ ದಿನವನ್ನು ಆಚರಿಸಲಾಗುತ್ತದೆ. ನಮ್ಮ ಕನ್ನಡ ಸಂಘಗಳು ನಡೆಸುವ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆಗೆ ಸಿಗುವ ಗಮನ ಮರೆವಿನ ಕಾಯಿಲೆಗೆ ಸಿಗುವುದು ಕಡಿಮೆ. ಮನೆಯ ಹಿರಿಯರು ಹೇಳಿದ್ದನ್ನೇ ಹೇಳತೊಡಗಿದರೆ, ಸ್ಟೇಷನ್ನಿಂದ ಮನೆಗೆ ಬರುವ ದಾರಿ ತಪ್ಪಿದರೆ, ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಹೇಳಿ ಸುಮ್ಮನಾಗುತ್ತೇವೆ. ಆದರೆ ಈ ಕಾಯಿಲೆಗೆ ತಮ್ಮ ಹೆಸರು ಕೊಟ್ಟ ಜರ್ಮನ್ ವೈದ್ಯರು ಅದನ್ನು ಮೊದಲು ಗುರುತಿಸಿದ ಮಹಿಳೆಗೆ ಅರವತ್ತು ಆಗಿರಲೇ ಇಲ್ಲ. ಆಕೆಗೆ ಆಗ 51 ವರ್ಷ. ಕಾಯಿಲೆಯ ಹೆಸರು ಎಲ್ಲರಿಗೂ ಗೊತ್ತು, ಆ ಹೆಸರಿನ ಮನುಷ್ಯನ ಬದುಕು ಗೊತ್ತಿರುವವರು ವಿರಳ.

ಅಲೋಯ್ಸ್ ಅಲ್ಝೈಮರ್ ಅವರು 1864ರ ಜೂನ್ 14ರಂದು ಬವೇರಿಯಾ ಪ್ರಾಂತ್ಯದ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ನೋಟರಿ. ಬರ್ಲಿನ್, ಟ್ಯೂಬಿಂಗೆನ್ ಮತ್ತು ವೂರ್ಟ್ಸ್‌ಬುರ್ಗ್‌ಗಳಲ್ಲಿ ವೈದ್ಯಕೀಯ ಓದಿ 1887ರಲ್ಲಿ ಪ್ರಬಂಧ ಬರೆದರು. ಅದರ ವಿಷಯ ಮೆದುಳಲ್ಲ, ಕಿವಿಯಲ್ಲಿ ಗುಗ್ಗೆಯನ್ನು ಉಂಟುಮಾಡುವ ಗ್ರಂಥಿಗಳು! ವಿದ್ಯಾರ್ಥಿ ದೆಸೆಯಲ್ಲಿ ಕತ್ತಿವರಸೆಯ ಗೀಳು ಇತ್ತು. ಅದರಿಂದ ಮುಖದ ಮೇಲೆ ಗಾಯದ ಕಲೆ ಉಳಿದಿತ್ತು. ಫೋಟೋಗೆ ಕುಳಿತಾಗ ಆ ಕೆನ್ನೆಯನ್ನು ಆಚೆ ತಿರುಗಿಸುತ್ತಿದ್ದರು ಎನ್ನಲಾಗುತ್ತದೆ.

1888ರಲ್ಲಿ, ತಮ್ಮ 24ನೇ ವಯಸ್ಸಿನಲ್ಲಿ, ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ನಿರ್ದೇಶಕ ಎಮಿಲ್ ಸಿಯೋಲಿ ಅವರು ರೋಗಿಗಳನ್ನು ಕಟ್ಟಿಹಾಕುವ ಪದ್ಧತಿಯ ವಿರೋಧಿ. ಮರುವರ್ಷ ಫ್ರಾನ್ಜ್ ನಿಸ್ಸಲ್ ಎಂಬ ಮತ್ತೊಬ್ಬ ಯುವ ವೈದ್ಯ ಬಂದು ಸೇರಿದರು. ಮೆದುಳಿನ ಜೀವಕೋಶಗಳು ಸೂಕ್ಷ್ಮದರ್ಶಕದಲ್ಲಿ ಕಾಣುವಂತೆ ಬಣ್ಣ ಹಾಕುವ ವಿಧಾನವನ್ನು ಕಂಡುಹಿಡಿದವರು ಇವರೇ. ಇಬ್ಬರಿಗೂ ಹಗಲು ವಾರ್ಡು, ಸಂಜೆಯಾದರೆ ಸೂಕ್ಷ್ಮದರ್ಶಕ. ಆ ಕಾಲದ ಮಾನಸಿಕ ಆಸ್ಪತ್ರೆಗಳಲ್ಲಿ ಸಿಫಿಲಿಸ್ ಮೆದುಳಿಗೇರಿ ಬುದ್ಧಿ ಕೆಟ್ಟವರು ಬಹಳ ಮಂದಿ ಇದ್ದರು. ಸಂಶೋಧಕರ ಗಮನವೆಲ್ಲ ಆ ಕಡೆಗೇ. ಅಲ್ಝೈಮರ್ ಅವರ ಮೊದಲ ಮುಖ್ಯ ಕೆಲಸವೂ ಅದೇ: ಬುದ್ಧಿ ಕೆಟ್ಟ ಈ ಮೆದುಳು ಸಿಫಿಲಿಸ್‌ನದೋ, ರಕ್ತನಾಳಗಳು ಗಡಸಾದದ್ದರ ಫಲವೋ, ಬೇರೆಯದೋ ಎಂದು ಬೇರ್ಪಡಿಸುವುದು. ಎಲ್ಲ ಮರೆವೂ ಒಂದೇ ಅಲ್ಲ ಎಂಬ ಅರಿವು ಅವರಿಗೆ ಬಂದದ್ದು ಹೀಗೆ.

1894ರಲ್ಲಿ ಸಿಸಿಲಿ ಎಂಬ ಸಿರಿವಂತ ವಿಧವೆಯನ್ನು ಮದುವೆಯಾದರು. ಮೂವರು ಮಕ್ಕಳು. 1901ರ ಆರಂಭದಲ್ಲಿ ಪತ್ನಿ ತೀರಿಕೊಂಡರು. ಆ ಬಳಿಕ ಅವರು ಇನ್ನಷ್ಟು ಹೊತ್ತು ಆಸ್ಪತ್ರೆಯಲ್ಲೇ ಕಳೆಯತೊಡಗಿದರು.

ಅದೇ ವರ್ಷ ನವೆಂಬರ್ 25ರಂದು ರೈಲ್ವೆ ಗುಮಾಸ್ತರೊಬ್ಬರ ಹೆಂಡತಿ ಆಗುಸ್ಟೆ ಎಂಬಾಕೆಯನ್ನು ಆಸ್ಪತ್ರೆಗೆ ಸೇರಿಸಲಾಯಿತು. ಗಂಡನ ಮೇಲೆ ವಿನಾಕಾರಣ ಸಂಶಯ, ಅಡುಗೆಯಲ್ಲಿ ತಪ್ಪುಗಳು, ಮನೆಯೊಳಗೆ ಗೊತ್ತುಗುರಿಯಿಲ್ಲದ ಓಡಾಟ. ಮರುದಿನ ಅಲ್ಝೈಮರ್ ಆಕೆಯನ್ನು ಮಾತನಾಡಿಸಿ ಪ್ರಶ್ನೆ-ಉತ್ತರಗಳನ್ನು ಒಂದೂ ಬಿಡದೆ ಬರೆದುಕೊಂಡರು. ಪೆನ್ಸಿಲ್, ಪೆನ್ನು, ಕೀಲಿಕೈ, ಸಿಗಾರ್ ತೋರಿಸಿದರೆ ಹೆಸರು ಸರಿಯಾಗಿ ಹೇಳಿದರು. ಸ್ವಲ್ಪ ಹೊತ್ತಿನ ನಂತರ ಏನು ತೋರಿಸಿದ್ದೆಂದು ಕೇಳಿದರೆ ನೆನಪಿಲ್ಲ. ಊಟದ ತಟ್ಟೆಯಲ್ಲಿ ಹೂಕೋಸು ಇದ್ದರೂ ಪಾಲಕ್ ತಿನ್ನುತ್ತಿದ್ದೇನೆ ಎಂದರು. ತಮ್ಮ ಹೆಸರು ಬರೆಯಲು ಹೇಳಿದಾಗ ಶ್ರೀಮತಿ ಎಂಬಷ್ಟನ್ನು ಬರೆದು ಮುಂದಿನದನ್ನು ಮರೆತರು. ಬ್ಯಾಂಕ್ ಕೌಂಟರಿನಲ್ಲಿ ಕುಳಿತ ನಮ್ಮಂಥವರಿಗೆ ಇದು ಅಪರಿಚಿತವಲ್ಲ. ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡಲು ಬರುವ ಪಿಂಚಣಿದಾರರಲ್ಲಿ, ಮೂವತ್ತು ವರ್ಷ ಹಾಕಿದ ಸಹಿ ಅರ್ಧಕ್ಕೆ ನಿಂತುಬಿಡುವವರು ಇದ್ದಾರೆ. ಜತೆಗೆ ಬಂದ ಮಗ ಕೈ ನಡುಗುತ್ತದೆ ಎನ್ನುತ್ತಾನೆ. ನಡುಗುವುದು ಯಾವಾಗಲೂ ಕೈಯೇ ಆಗಿರಬೇಕೆಂದಿಲ್ಲ.

1903ರಲ್ಲಿ ಅಲ್ಝೈಮರ್ ಅವರು ಖ್ಯಾತ ಮನೋವೈದ್ಯ ಎಮಿಲ್ ಕ್ರೇಪೆಲಿನ್ ಅವರೊಂದಿಗೆ ಮ್ಯೂನಿಕ್‌ಗೆ ಹೋದರು. ಅಲ್ಲಿ ಸಂಬಳವಿಲ್ಲ. ಪತ್ನಿ ಬಿಟ್ಟುಹೋದ ಹಣದಿಂದ ಸಂಸಾರವನ್ನೂ ಸಂಶೋಧನೆಯನ್ನೂ ನಡೆಸಿದರು. ಅವರ ಪ್ರಯೋಗಾಲಯಕ್ಕೆ ನಾನಾ ದೇಶಗಳಿಂದ ಶಿಷ್ಯರು ಬಂದರು. ಸಿಗಾರ್ ಹಚ್ಚಿಕೊಂಡು ಒಬ್ಬ ಶಿಷ್ಯನ ಮೇಜಿನ ಬಳಿ ಕುಳಿತು ವಿವರಿಸುತ್ತಾ, ಅದನ್ನು ಅಲ್ಲೇ ಮರೆತು ಮುಂದಿನ ಮೇಜಿಗೆ ಹೋಗುತ್ತಿದ್ದರಂತೆ. ಮರೆವಿನ ಪಂಡಿತರ ಮರೆವು! ಅಲ್ಲಿ ದುಡಿದ ಫ್ರೆಡ್ರಿಕ್ ಲೆವಿ ಅವರು 1912ರಲ್ಲಿ ವರ್ಣಿಸಿದ ಕಣಗಳಿಂದ ಇಂದು ಲೆವಿ ಬಾಡಿ ಡಿಮೆನ್ಶಿಯಾ ಎಂಬ ಹೆಸರು ಬಂದಿದೆ. ಪ್ರಾಗ್‌ನ ಅರ್ನಾಲ್ಡ್ ಪಿಕ್ ಅವರು ಹೇಳಿದ್ದ ಮತ್ತೊಂದು ಬಗೆಯ ಮೆದುಳು ಸವೆತದ ಕಣಗಳನ್ನು 1911ರಲ್ಲಿ ಸ್ವತಃ ಅಲ್ಝೈಮರ್ ತೋರಿಸಿದರು. ಇಂದಿನ ವೈದ್ಯರು ಬೇರೆ ಬೇರೆಯಾಗಿ ಗುರುತಿಸುವ ಡಿಮೆನ್ಶಿಯಾದ ಮುಖ್ಯ ಬಗೆಗಳಲ್ಲಿ ಹೆಚ್ಚಿನವು ಈ ಒಬ್ಬರ ಕೈದಾಟಿ ಹೋಗಿವೆ ಎಂಬುದು ಉಲ್ಲೇಖನೀಯ.

1906ರ ಏಪ್ರಿಲ್ 8ರಂದು ಆಗುಸ್ಟೆ ಫ್ರಾಂಕ್‌ಫರ್ಟ್‌ನಲ್ಲಿ ನಿಧನರಾದರು. ಸಿಯೋಲಿ ಅವರು ಆಕೆಯ ಕಡತವನ್ನೂ ಮೆದುಳನ್ನೂ ಮ್ಯೂನಿಕ್‌ಗೆ ಕಳುಹಿಸಿಕೊಟ್ಟರು. ತೆಳುವಾಗಿ ಕತ್ತರಿಸಿ ಬೆಳ್ಳಿಯ ಲವಣದಿಂದ ಬಣ್ಣ ಹಾಕಿ ನೋಡಿದಾಗ ಜೀವಕೋಶಗಳ ನಡುವೆ ಚೂರು ಚೂರು ಗಡ್ಡೆಗಳು, ಜೀವಕೋಶಗಳೊಳಗೆ ಸಿಕ್ಕುಹಾಕಿಕೊಂಡ ನೂಲಿನಂಥ ಎಳೆಗಳು ಕಂಡವು. ನವೆಂಬರ್ 3ರಂದು ಟ್ಯೂಬಿಂಗೆನ್‌ನ ಮನೋವೈದ್ಯರ ಸಭೆಯಲ್ಲಿ ಇದನ್ನು ಮಂಡಿಸಿದರು. ಸಭಿಕರಿಂದ ಒಂದು ಪ್ರಶ್ನೆಯೂ ಬರಲಿಲ್ಲ. ಅಧ್ಯಕ್ಷರು ಮುಂದಿನ ಭಾಷಣಕಾರರನ್ನು ಕರೆದರು.

1910ರಲ್ಲಿ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದ ಎಂಟನೇ ಆವೃತ್ತಿಯಲ್ಲಿ ಇದಕ್ಕೆ ಅಲ್ಝೈಮರ್ ಕಾಯಿಲೆ ಎಂದು ಹೆಸರಿಟ್ಟರು. ಪ್ರಾಗ್‌ನಲ್ಲಿ ಆಸ್ಕರ್ ಫಿಷರ್ ಎಂಬವರು 1907ರಲ್ಲೇ ಮುದುಕರ ಮೆದುಳುಗಳಲ್ಲಿ ಅಂಥದೇ ಗಡ್ಡೆಗಳನ್ನು ತೋರಿಸಿದ್ದರು. ಅವರಿಗೆ ಹೆಸರು ಹೋಗದಿರಲಿ ಎಂಬ ಅವಸರವೂ ಇದರಲ್ಲಿತ್ತು ಎಂದು ಕೆಲವರು ಹೇಳುತ್ತಾರೆ. ಹೆಸರಿಡುವ ಪೈಪೋಟಿ ನಮ್ಮ ಸಂಘಗಳಿಗೆ ಮಾತ್ರ ಸೀಮಿತವಲ್ಲ. ಹೆಸರಿನ ಜತೆ ಕ್ರೇಪೆಲಿನ್ ಒಂದು ಗೆರೆಯನ್ನೂ ಎಳೆದರು: ಇದು ಮುಪ್ಪಿಗೆ ಮುಂಚೆ ಬರುವ ಕಾಯಿಲೆ. ಇದು ನಿಜಕ್ಕೂ ಪ್ರತ್ಯೇಕವೋ, ಮುಪ್ಪಿನ ಮರೆವಿನದೇ ಬೇಗ ಬಂದ ರೂಪವೋ ಎಂಬ ಬಗ್ಗೆ ಸ್ವತಃ ಅಲ್ಝೈಮರ್ ಅವರಿಗೆ ಖಾತ್ರಿ ಇರಲಿಲ್ಲ. ಅದನ್ನು ಅವರು 1911ರ ಲೇಖನದಲ್ಲಿ ಮುಚ್ಚಿಡಲಿಲ್ಲ.

1912ರಲ್ಲಿ ಬ್ರೆಸ್ಲಾವ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಅಲ್ಲಿಗೆ ಹೋಗುವ ರೈಲಿನಲ್ಲೇ ಕಾಯಿಲೆ ಬಿದ್ದರು. ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. 1915ರ ಡಿಸೆಂಬರ್ 19ರಂದು ತೀರಿಕೊಂಡಾಗ ಅವರಿಗೂ 51 ವರ್ಷ. ಫ್ರಾಂಕ್‌ಫರ್ಟ್‌ನಲ್ಲಿ ಪತ್ನಿಯ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಲಾಯಿತು.

ಆ ಗೆರೆ ಮಾತ್ರ ಉಳಿಯಿತು. ನಡುವಯಸ್ಸಿನವರಿಗೆ ಬಂದರೆ ಅಪರೂಪದ ರೋಗ, ಎಪ್ಪತ್ತರವರಿಗೆ ಬಂದರೆ ವಯಸ್ಸು ಎಂದು ಅರ್ಧ ಶತಮಾನ ಕಾಲ ವೈದ್ಯಲೋಕ ನಂಬಿತು. ಅಪರೂಪದ ರೋಗಕ್ಕೆ ಹಣ ಕೊಡುವವರಿಲ್ಲ, ವಯಸ್ಸಿಗೆ ಔಷಧ ಹುಡುಕುವವರಿಲ್ಲ. ನಮ್ಮ ಗಾದೆ ಮಾಡಿದ್ದನ್ನೇ ಅಲ್ಲಿ ಪಠ್ಯಪುಸ್ತಕ ಮಾಡಿತು. 1968ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನ ಬ್ಲೆಸ್ಡ್, ಟಾಮ್ಲಿನ್ಸನ್ ಮತ್ತು ರಾತ್ ಅವರು ವೃದ್ಧರ ಮರೆವಿಗೂ ಬಹುಪಾಲು ಅವೇ ಗಡ್ಡೆಗಳು ಸಂಬಂಧಿಸಿವೆ ಎಂದು ತೋರಿಸಿದರು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್ ಅವರು ವಯಸ್ಸಿನ ಗೆರೆ ಅಳಿಸಿದರೆ ಇದು ದೊಡ್ಡ ಕೊಲೆಗಡುಕ ರೋಗಗಳಲ್ಲೊಂದು ಎಂದು ಬರೆದರು. ಅಲ್ಲಿಯ ವೃದ್ಧಾಪ್ಯ ಸಂಸ್ಥೆಯ ಮೊದಲ ನಿರ್ದೇಶಕ ರಾಬರ್ಟ್ ಬಟ್ಲರ್ ಇದಕ್ಕೆ ಆದ್ಯತೆ ಕೊಟ್ಟ ಮೇಲೆಯೇ ಸಂಶೋಧನೆಗೆ ಹಣ ಹರಿಯಿತು. ಕಳೆದುಹೋಗಿದ್ದ ಆಗುಸ್ಟೆಯ ಕಡತ ಫ್ರಾಂಕ್‌ಫರ್ಟ್‌ನಲ್ಲಿ ಮತ್ತೆ ಸಿಕ್ಕಿದ್ದು 1995ರಲ್ಲಿ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ಕಾಯಿಲೆ ಬಂದ ಮೇಲಲ್ಲ, ಬರುವ ಮುಂಚೆಯೇ ನೋಡುವ ಕೆಲಸ ಇದು. ಹೈದರಾಬಾದಿನಲ್ಲಿ ಡಾ| ಸುವರ್ಣಾ ಅಲ್ಲಾಡಿ ಮತ್ತು ತಂಡ 648 ರೋಗಿಗಳನ್ನು ನೋಡಿ, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತೆಂದು 2013ರಲ್ಲಿ ವರದಿ ಮಾಡಿತು. ಇದನ್ನು ಎಲ್ಲ ಸಂಶೋಧಕರು ಒಪ್ಪಿಲ್ಲ. ಆದರೂ ಮನೆಯಲ್ಲಿ ಕನ್ನಡ ಅಥವಾ ತುಳು, ಅಂಗಡಿಯಲ್ಲಿ ಮರಾಠಿ, ಲೋಕಲ್ ಟ್ರೈನಿನಲ್ಲಿ ಹಿಂದಿ ಆಡುವ ನಮಗೆ ಸಮಾಧಾನದ ಸುದ್ದಿ.

ಅದೇ ಭಾಷೆ ತಪಾಸಣೆಯಲ್ಲಿ ತೊಡಕೂ ಆಗಬಹುದು. ಊರಿನಿಂದ ಮಗನ ಮನೆಗೆ ಬಂದ ತಾಯಿಗೆ ವೈದ್ಯರು ಇಂದು ಯಾವ ವಾರ, ನೂರರಿಂದ ಏಳು ಕಳೆದರೆ ಎಷ್ಟು ಎಂದು ಮರಾಠಿಯಲ್ಲೋ ಹಿಂದಿಯಲ್ಲೋ ಕೇಳಿದರೆ, ಅಂಕ ಕಡಿಮೆ ಬರುವುದು ಮರೆವಿನಿಂದಲೇ ಎನ್ನಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷೆಗಳ ಸರಣಿ ಕನ್ನಡವೂ ಸೇರಿ ಐದು ಭಾಷೆಗಳಲ್ಲಿದೆ, ಕೇಳಿ ನೋಡಬೇಕು. ಅಂಬರನಾಥದಿಂದ ಪರೇಲಿನ ಕೆಇಎಂ ಅಥವಾ ಸಯನ್ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಹೋಗುವವರು ತಾಯಿಯ ಮಾತೃಭಾಷೆ ಮತ್ತು ಓದನ್ನು ಮೊದಲು ಹೇಳಬೇಕು. ಮರೆವು ಮೆಲ್ಲನೆ ಬಂತೋ, ಲಕ್ವ ಹೊಡೆದ ಮೇಲೆ ಮೆಟ್ಟಿಲಿಳಿದಂತೆ ಬಂತೋ, ಮೊದಲು ಕೆಟ್ಟದ್ದು ನೆನಪೋ ನಡತೆಯೋ, ಇಲ್ಲದ ಜನ ಕಣ್ಣಿಗೆ ಕಾಣುತ್ತಾರೋ, ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿತ್ತೋ ಎಂಬುದನ್ನು ಚೀಟಿಯಲ್ಲಿ ಬರೆದೊಯ್ದರೆ ಯಾವ ಬಗೆಯೆಂದು ತಿಳಿಯಲು ವೈದ್ಯರಿಗೆ ಅನುಕೂಲ. ಬಿ-12 ಜೀವಸತ್ವ ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಸ್ಥಳೀಯ ಲ್ಯಾಬಿನಲ್ಲೇ ಆಗುತ್ತದೆ. ಈ ಕೊರತೆಗಳಿಂದ ಬಂದ ಮರೆವನ್ನು ಬೇಗ ಹಿಡಿದರೆ ಔಷಧದಿಂದ ಸುಧಾರಿಸಬಹುದು.